ಯಾವ ತಪ್ಪಿಗೆ ಹಿಡಿದಿಟ್ಟಿದ್ದೀರಿ?



ಜಾವಗಲ್ಲಿನ ನಮ್ಮ ಮಸೀದಿಯ ಜುಮಾ ಖುತ್ಬಾದಲ್ಲಿ ಈ ಬಾರಿ ಸೆರೆವಾಸದ ಬಗ್ಗೆ ಮಾತನಾಡಿದೆವು. ಅದರ ಸಾರಾಂಶ ಇಲ್ಲಿದೆ.

ಪ್ರವಾದಿ(ಸ) ಖುತ್ಬಾ ನೀಡುತ್ತಿದ್ದಾಗ ಒಬ್ಬರು ಎದ್ದುನಿಂತು, ತನ್ನ ನೆರೆಯವರನ್ನು ಯಾವ ತಪ್ಪಿಗೆ ಹಿಡಿದಿಡಲಾಗಿದೆ ಎಂದು ಕೇಳಿದರು. ಪ್ರವಾದಿಯವರು(ಸ) ಮೊದಲು ಉತ್ತರಿಸಲಿಲ್ಲ. ಆತ ಮತ್ತೆ ಕೇಳಿದಾಗ ನೆರೆಯವರನ್ನು ಬಿಡುಗಡೆ ಮಾಡಲು ಹೇಳಿದರು. ಇದು ಅಬೂದಾವೂದ್ ಸಂಗ್ರಹದಲ್ಲಿರುವ ಹದೀಸ್. ಸಂಶಯವಿದ್ದರೆ ವಿಚಾರಣೆಗಾಗಿ ಒಬ್ಬನನ್ನು ತಡೆದಿಡಲು ಶರೀಅತ್‌ನಲ್ಲಿ ಅವಕಾಶವಿದೆ. ಕಾರಣವಿಲ್ಲದೆ ಕೂಡಿಹಾಕಲು ಅವಕಾಶವಿಲ್ಲ.

ಈ ಪ್ರಶ್ನೆ ಕೇಳುವ ಬಾಗಿಲು ಮುಚ್ಚಿದರೆ ಏನಾಗುತ್ತದೆಂದು ನಮ್ಮ ದೇಶ ನೋಡಿದೆ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. 21 ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರು. ಮಿಸಾ ಕಾನೂನಿನಡಿ ಹಿಡಿದವರಿಗೆ ಕಾರಣ ತಿಳಿಸಬೇಕೆಂದೂ ಇರಲಿಲ್ಲ. ಜಮಾಅತೆ ಇಸ್ಲಾಮಿ ಹಿಂದ್, ಆರೆಸ್ಸೆಸ್ ಎರಡೂ ನಿಷೇಧವಾದವು. ಎರಡೂ ಕಡೆಯವರು ಜೈಲು ಸೇರಿದರು.

ಬೆಂಗಳೂರಿನಲ್ಲಿ ಜಾರ್ಜ್ ಫರ್ನಾಂಡಿಸ್ ಎಲ್ಲಿ ಅಡಗಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸ್ ಅವರನ್ನು 1976ರ ಮೇಯಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರೂ ಅದೇ ತಿಂಗಳು ಬಂಧಿತರಾದರು. ಅಸ್ತಮಾ ಇದ್ದ ಆ ತಾಯಿ ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಕಳೆದು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲಿದ್ದ ಜಾಗವೇ ಇಂದಿನ ಫ್ರೀಡಂ ಪಾರ್ಕ್.

ಬಂಧಿತರು ಕೋರ್ಟಿಗೂ ಹೋದರು. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರ ಪಾಲಾಯಿತು. ಆದರೆ ಸತ್ಯ ಉಳಿಯಿತು. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿ ಇಡುವಂತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟೇ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು.

ಈಗ ನಮಗೆ ತಿಳಿದಿರಬೇಕಾದದ್ದು: ಯಾರನ್ನೇ ಬಂಧಿಸಿದರೂ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನದ ಕಾನೂನುಗಳಲ್ಲಿ ಈ ರಕ್ಷಣೆ ಕಡಿಮೆ. ಆದ್ದರಿಂದ ತಡಮಾಡದೆ ವಕೀಲರನ್ನು ಕಾಣಿರಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಅರಸೀಕೆರೆಯ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ.

ಆ ಹದೀಸ್‌ನಲ್ಲಿ ಎದ್ದು ಕೇಳಿದವರು ತಮಗಾಗಿ ಕೇಳಲಿಲ್ಲ, ನೆರೆಯವರಿಗಾಗಿ ಕೇಳಿದರು. ನಮ್ಮ ನೆರೆಯವರು ಯಾವ ಧರ್ಮದವರಾದರೂ, ಯಾವ ಪಕ್ಷದವರಾದರೂ ಅವರಿಗಾಗಿ ಕೇಳುವುದು ನಮ್ಮ ಹೊಣೆ. ಅನ್ಯಾಯವಾಗಿ ಸೆರೆಯಲ್ಲಿರುವ ಎಲ್ಲರಿಗೂ, ದಾರಿ ಕಾಯುತ್ತಿರುವ ಅವರ ಮನೆಯವರಿಗೂ ಅಲ್ಲಾಹನು ಬಿಡುಗಡೆಯ ದಾರಿ ತೆರೆಯಲಿ. ಆಮೀನ್.