ಪ್ರೋಟೀನ್ ಡಬ್ಬಿಯೂ ಹಿರಿಯರ ರಕ್ತನಾಳವೂ

ತೋವಿನಕೆರೆ, ಕೊರಟಗೆರೆ ಕಡೆ ಹುಷಾರಿಲ್ಲದ ಹಿರಿಯರನ್ನು ನೋಡಲು ಹೋಗುವವರು ಈಗೀಗ ಹಣ್ಣಿನ ಜೊತೆಗೆ ಪ್ರೋಟೀನ್ ಪುಡಿಯ ಡಬ್ಬಿಯನ್ನೂ ಒಯ್ಯುತ್ತಾರೆ. ‘ಶಕ್ತಿ ಬರುತ್ತೆ, ಹಾರ್ಟಿಗೂ ಒಳ್ಳೇದು’ ಎಂಬ ನಂಬಿಕೆ. ಶಕ್ತಿಯ ಮಾತಿನಲ್ಲಿ ಹುರುಳಿದೆ. ಹಾರ್ಟಿನ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ವಯಸ್ಸಾದಂತೆ ರಕ್ತನಾಳದ ಗೋಡೆಯಲ್ಲಿ ಹಿಗ್ಗುವ ಎಳೆಗಳು ಸವೆದು, ಗಡಸು ಎಳೆಗಳು ಹೆಚ್ಚುತ್ತವೆ. ಹೀಗಾಗಿಯೇ ಹಿರಿಯರಲ್ಲಿ ಬಿಪಿಯ ಮೇಲಿನ ಅಂಕಿ ಏರುವುದು. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಟ್ಟು ನಾಳವನ್ನು ಸಡಿಲಿಸುತ್ತದೆ. ಇದನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ಈ ಅನಿಲ ತಯಾರಾಗುವುದು ಪ್ರೋಟೀನಿನಲ್ಲಿರುವ ಅರ್ಜಿನೈನ್‌ನಿಂದ. ಹಾಲಿನ ಪ್ರೋಟೀನ್ ಜೀರ್ಣವಾಗುವಾಗ ಹುಟ್ಟುವ ಕೆಲವು ತುಣುಕುಗಳಿಗೂ ನಾಳ ಬಿಗಿಯುವುದನ್ನು ಕೊಂಚ ತಡೆಯುವ ಗುಣವಿದೆ. ಪುಡಿ ಕೊಟ್ಟು ಮಾಡಿದ ಕೆಲವು ಪ್ರಯೋಗಗಳಲ್ಲಿ ಬಿಪಿ ಅಲ್ಪಸ್ವಲ್ಪ ಇಳಿದಿದೆ, ಕೆಲವದರಲ್ಲಿ ಇಳಿದೇ ಇಲ್ಲ. ಬಿಪಿ ಮಾತ್ರೆ ಬಿಟ್ಟು ಡಬ್ಬಿ ನಂಬುವಷ್ಟು ಪರಿಣಾಮವಂತೂ ಅಲ್ಲ.

ಅರ್ಜಿನೈನ್ ಹೇರಳವಾಗಿರುವ ಕಡ್ಲೆಕಾಯಿಯನ್ನು ಪಾವಗಡ, ಶಿರಾ, ಮಧುಗಿರಿಯ ಹೊಲಗಳಲ್ಲೇ ಬೆಳೆಯುತ್ತಾರೆ. ದಿನಕ್ಕೆಷ್ಟು ಪ್ರೋಟೀನ್ ಬೇಕು? ಐಸಿಎಂಆರ್ ಪ್ರಕಾರ ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ 55 ಕಿಲೋದವರಿಗೆ ಸುಮಾರು 46 ಗ್ರಾಂ. ಮುಪ್ಪಿನಲ್ಲಿ ಸ್ನಾಯು ಕರಗುವುದರಿಂದ ಕಿಲೋಗೆ 1 ಗ್ರಾಂ ಆದರೂ ಬೇಕೆಂದು ಹಲವು ತಜ್ಞರು ಹೇಳುತ್ತಾರೆ. 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 14 ಗ್ರಾಂ, 50 ಗ್ರಾಂ ಹುರುಳಿಕಾಳಿನಲ್ಲಿ 11, ಕಾಲು ಲೀಟರ್ ಹಾಲಿನಲ್ಲಿ 8, ಒಂದು ಹಿಡಿ ಕಡ್ಲೆಕಾಯಿ ಬೀಜದಲ್ಲಿ 7, ಒಂದು ಮೊಟ್ಟೆಯಲ್ಲಿ 6. ಅಲ್ಲಿಗೇ 46 ಆಯಿತು. ಅನ್ನ, ತೊಗರಿಬೇಳೆಯ ಲೆಕ್ಕ ಇನ್ನೂ ಹಿಡಿದಿಲ್ಲ.

ಆದರೆ ಹಲ್ಲಿಲ್ಲದ ಅಜ್ಜ ಅಜ್ಜಿಯರು ಬಸ್ಸಾರಿನ ದಿನ ಸಾರಿನಲ್ಲಿ ಮುದ್ದೆ ನುಂಗಿ, ಕಾಳಿನ ಪಲ್ಯವನ್ನು ತಟ್ಟೆಯಂಚಿಗೆ ಸರಿಸಿಬಿಡುತ್ತಾರೆ. ಕಾಳಿನ ಪ್ರೋಟೀನಿನ ಬಹುಪಾಲು ಉಳಿಯುವುದು ಆ ಪಲ್ಯದಲ್ಲೇ. ನಮ್ಮ ಹಿರಿಯರ ಊಟದ ನಿಜವಾದ ಕೊರತೆ ಇದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಳನ್ನು ಮೊಳಕೆ ಕಟ್ಟಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಅರ್ಧ ಭಾಗ ರುಬ್ಬಿ ಸಾರಿಗೇ ಸೇರಿಸಿ. ಕಡ್ಲೆಕಾಯಿಯನ್ನು ಹುರಿಯುವ ಬದಲು ಬೇಯಿಸಿ ಕೊಡಿ. ಎಲ್ಲವನ್ನೂ ರಾತ್ರಿಯೂಟಕ್ಕೇ ಇಡದೆ ಮೂರು ಹೊತ್ತಿಗೂ ಹಂಚಿದರೆ ಸ್ನಾಯುಗಳಿಗೆ ಹೆಚ್ಚು ದಕ್ಕುತ್ತದೆ.

ಕಾಯಿಲೆಯಿಂದ ತೀರಾ ಸೊರಗಿದವರಿಗೆ, ಊಟವೇ ಸೇರದವರಿಗೆ ವೈದ್ಯರು ಬರೆದರೆ ಪುಡಿ ಬೇಕೇ ಬೇಕು, ಹಿಂಜರಿಯಬೇಡಿ. ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ: 100 ಗ್ರಾಂನಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು? ಸೇರಿಸಿದ ಸಕ್ಕರೆ, ಕೃತಕ ರುಚಿಗಳ ಕಾರಣಕ್ಕೆ ಇಂಥ ಪುಡಿಗಳ ನಿತ್ಯ ಬಳಕೆ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ನಾಳಗಳ ವಿಷಯಕ್ಕೆ ಬಂದರೆ, ಬೀಡಿ ಬಿಡುವುದು, ಉಪ್ಪಿನಕಾಯಿ ಹಪ್ಪಳ ತಗ್ಗಿಸಿ ದಿನದ ಉಪ್ಪನ್ನು 5 ಗ್ರಾಂ ಒಳಗಿಡುವುದು, ದಿನವೂ ನಡೆಯುವುದು ಇವೆಲ್ಲ ಯಾವ ಪುಡಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಮೂತ್ರಪಿಂಡ ಸೋತವರಿಗೆ ಹೆಚ್ಚುವರಿ ಪ್ರೋಟೀನ್ ಹೊರೆಯಾಗುತ್ತದೆ. ಹಳೆಯ ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ತೊಂದರೆ ಗೊತ್ತಾಗದಂತೆ ಬೆಳೆದಿರಬಹುದು. ಅಂಥ ಹಿರಿಯರು ಮನೆಯಲ್ಲಿದ್ದರೆ, ಡಬ್ಬಿ ತೆರೆಯುವ ಮೊದಲು ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿ.