ನಾರ್ವೆಗೊಂದು ಪಂಚಾಂಗ

ಪ್ರವಾಸವನ್ನು ಮುಗಿಸಿ ಬಂದವರು ಬರೆದ ಲೇಖನಗಳನ್ನು ಈ ಪುಟದ ಓದುಗರು ಬೇಕಾದಷ್ಟು ಓದಿದ್ದಾರೆ. ಇನ್ನೂ ಮನೆಯ ಹೊಸಿಲನ್ನೇ ದಾಟದವನೊಬ್ಬನು ತಾನು ಮಾಡಲಿರುವ ಪ್ರವಾಸವನ್ನು ಕುರಿತು ಬರೆಯಹೊರಟರೆ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯನ್ನು ಅವರು ನೆನೆದಾರು. ನೆನೆಯಲಿ. ಕಳೆದ ಎಂಟು ತಿಂಗಳಿಂದ ನಾನೂ ನನ್ನ ಅಕ್ಕನೂ ಕೂಡಿ ಹೊಲಿಯುತ್ತಿರುವ ಈ ಕುಲಾವಿಯನ್ನು ಎಷ್ಟು ಸಲ ಬಿಚ್ಚಿ ಎಷ್ಟು ಸಲ ಹೊಸದಾಗಿ ಕತ್ತರಿಸಿದೆವೆಂಬುದೇ ಒಂದು ಕಥೆ. ನಾವು ಹೋಗಬೇಕೆಂದಿರುವುದು ನಾರ್ವೆ ದೇಶಕ್ಕೆ. ಅದೂ ಅಲ್ಲಿಯ ಚಳಿಗಾಲದಲ್ಲಿ.

ಬೇಸಿಗೆಯಲ್ಲೇಕೆ ಹೋಗಬಾರದೆಂದು ಕೇಳಿದವರು ಬಹಳ ಮಂದಿ. ನಡುರಾತ್ರಿಯ ಸೂರ್ಯನನ್ನು ನೋಡಲು ಲೋಕವೆಲ್ಲ ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗುತ್ತದೆ. ಆದರೆ ಅಕ್ಕನಿಗೆ ಬೇಕಾದುದು ಅದಲ್ಲ. ಆಕೆ 29 ವರ್ಷ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಭೂಗೋಳದ ಗೋಳವಿರಲಿಲ್ಲ. ಚಕ್ಕೋತನ ಹಣ್ಣಿಗೆ ಒಂದು ಹೆಣಿಗೆ ಕಡ್ಡಿಯನ್ನು ಚುಚ್ಚಿ, ಕೋಣೆಯ ಬಾಗಿಲು ಮುಚ್ಚಿಸಿ, ಚಿಮಣಿ ದೀಪದ ಮುಂದೆ ಅದನ್ನು ಓರೆಯಾಗಿ ಹಿಡಿದು ತಿರುಗಿಸುತ್ತ, "ನೋಡಿ ಮಕ್ಕಳೆ, ಎಷ್ಟು ತಿರುಗಿಸಿದರೂ ಈ ತುದಿಗೆ ಬೆಳಕು ತಾಕೋದಿಲ್ಲ. ಇಲ್ಲೂ ಜನ ಇದಾರೆ" ಎನ್ನುತ್ತಿದ್ದಳು. ಆ ಮಕ್ಕಳ ಸಾಲಿನಲ್ಲಿ ನಾನೂ ಒಂದು ವರ್ಷ ಕುಳಿತಿದ್ದೆ. ಸೂರ್ಯನಿಲ್ಲದ ಊರಿನಲ್ಲಿ ಜನ ಏನು ಮಾಡುತ್ತಾರೆಂಬ ಪ್ರಶ್ನೆಗೆ ಆಕೆಯ ಬಳಿ ಉತ್ತರವಿರಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದ ವಾರವೇ, "ಇಷ್ಟು ವರ್ಷ ಹೇಳಿದ್ದು ನಿಜವೋ ಸುಳ್ಳೋ ಒಂದು ಸಲ ನೋಡಿ ಬರಬೇಡವೇನೋ?" ಎಂದು ಕೇಳಿದಳು. ನನ್ನನ್ನು ಎಂ. ಎ. ವರೆಗೆ ಓದಿಸಿದವಳು ಆಕೆ. ಇಲ್ಲವೆನ್ನುವ ಅಧಿಕಾರ ನನಗೆ ಎಲ್ಲಿಂದ ಬರಬೇಕು?

ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೂ ಮೊದಲು ಪಂಚಾಂಗವನ್ನು ತೆಗೆಯುವುದು ವಾಡಿಕೆ. ಅದರಲ್ಲಿ ದಿನಮಾನವೆಂಬುದೊಂದು ಅಂಕಣವುಂಟು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಕಾಲವನ್ನು ಘಳಿಗೆಗಳಲ್ಲಿ ಕೊಟ್ಟಿರುತ್ತಾರೆ. ಘಳಿಗೆಗೆ 24 ನಿಮಿಷ. ನಮ್ಮ ನಾಡಿನಲ್ಲಿ ಆ ಸಂಖ್ಯೆ ವರ್ಷವೆಲ್ಲ ಮೂವತ್ತರ ಆಸುಪಾಸಿನಲ್ಲೇ ಓಲಾಡುತ್ತದೆ. ಬೆಂಗಳೂರಿನ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆದುದರಿಂದ ಆ ಅಂಕಣದ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ನಾನು ಹಳೆಯ ನೋಟುಪುಸ್ತಕವೊಂದರಲ್ಲಿ, ಉತ್ತರ ಅಕ್ಷಾಂಶ 69 ಡಿಗ್ರಿಯನ್ನು ಮೀರಿದಲ್ಲಿರುವ ಟ್ರೋಮ್ಸೊ ನಗರಕ್ಕೆ ದಿನಮಾನವನ್ನು ಬರೆಯತೊಡಗಿದೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಪುಟವೆಲ್ಲ ಸೊನ್ನೆ. ದಿಗಂತಕ್ಕೆ ಸೂರ್ಯನು ಮರಳಿದ ಮೇಲೂ ಸುತ್ತಣ ಬೆಟ್ಟಗಳ ದೆಸೆಯಿಂದ ನಗರದವರಿಗೆ ಅವನ ಮುಖ ಕಾಣಲು ಜನವರಿ 21 ಆಗುತ್ತದೆ. ಆ ದಿನ ಅಲ್ಲಿಯವರು ಸೂರ್ಯನ ಹೆಸರಿನ ಸಿಹಿ ಬನ್ನನ್ನು ತಿನ್ನುತ್ತಾರಂತೆ. ನಮ್ಮ ಸಂಕ್ರಾಂತಿಯ ಎಳ್ಳಿಗಿಂತ ಒಂದು ವಾರ ತಡವಾಗಿ. ಅಲ್ಲಿಂದ ಮುಂದೆ ಹಗಲು ಓಟಕ್ಕೆ ಬೀಳುತ್ತದೆ. ಮಾರ್ಚಿ ಒಂದರ ಹೊತ್ತಿಗೆ ಹತ್ತಿರ ಹತ್ತಿರ 24 ಘಳಿಗೆ. ಜೂನಿನಲ್ಲಿ ಅರವತ್ತಕ್ಕೆ ಅರವತ್ತು. ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲನ್ನು ರಾಹುವಿಗೆ ಕೊಡುವುದು ನಮ್ಮ ಲೆಕ್ಕವಷ್ಟೆ. ಡಿಸೆಂಬರಿನಲ್ಲಿ ಅಲ್ಲಿ ರಾಹುವೂ ಉಪವಾಸವೇ.

ಹಾಗೆಂದು ಆ ದಿನಗಳಲ್ಲಿ ಗವಿಯೊಳಗಿನ ಕಗ್ಗತ್ತಲೆಯೆಂದು ತಿಳಿಯಬಾರದು. ಟ್ರೋಮ್ಸೊದಲ್ಲಿ ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯನು ದಿಗಂತಕ್ಕೆ ಮೂರು ಡಿಗ್ರಿಯಷ್ಟೇ ಕೆಳಗಿರುತ್ತಾನೆ. ಹಿಮದ ಮೇಲೆ ಕೆಲವು ಗಂಟೆ ನಸುನೀಲಿಯ ಬೆಳಕೊಂದು ಹರಡಿ ಹಾಗೆಯೇ ಆರಿಹೋಗುತ್ತದೆ. ಚಳಿಯೂ ನಾವು ಹೆದರಿದಷ್ಟಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಕರಾವಳಿಯನ್ನು ತಡವಿಕೊಂಡು ಹೋಗುವುದರಿಂದ ಬಂದರು ಹೆಪ್ಪುಗಟ್ಟುವುದಿಲ್ಲ; ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕಡಮೆ, ಅಷ್ಟೆ. ಅದೇ ಪ್ರಾಂತದ ಒಳನಾಡಿನ ಕಾರಾಶೋಕ್‌ನಲ್ಲಿ 1886ರಲ್ಲಿ ಸೊನ್ನೆಗಿಂತ 51 ಡಿಗ್ರಿಗೂ ಕೆಳಗಿಳಿದಿತ್ತು. ಕಡಲಿನ ನೆರೆ ಎಂದರೆ ಇದು.

ಡಿಸೆಂಬರಿನ ರಜೆಗೆ ಎಲ್ಲವೂ ಗೊತ್ತಾಗಿತ್ತು. ಇಲ್ಲಿ ಒಂದು ಮನೆಯ ಮಾತನ್ನು ಹೇಳದೆ ಮುಂದುವರಿಯಲಾರೆ. ನಮ್ಮ ಅಜ್ಜಿಗೆ ಇರುಳುಗುರುಡಿತ್ತು. ಅಕ್ಕನಿಗೂ ಅದೇ ಬಂದಿದೆ. ಸೊಪ್ಪು ತರಕಾರಿ ತಿಂದರೆ ವಾಸಿಯಾಗುವ ಇರುಳುಗುರುಡಲ್ಲ. ರೆಟಿನೈಟಿಸ್ ಪಿಗ್ಮೆಂಟೋಸ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಮಂದಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕಣಗಳು ಮೊದಲು ಸಾಯುತ್ತವೆ. ಆಮೇಲೆ ನೋಟದ ಅಂಚುಗಳು ಸವೆದು, ಕೊಳವೆಯೊಳಗಿಂದ ನೋಡಿದಂತೆ ನಡುವಿನದು ಮಾತ್ರ ಉಳಿಯುತ್ತದೆ. ಎಷ್ಟು ವೇಗವಾಗಿ ಎಂದರೆ ಅದನ್ನು ಯಾರೂ ಹೇಳಲಾರರು. ಬೆಳಗ್ಗೆ ಜಗಲಿಯ ಮೇಲೆ ಕುಳಿತು ಪತ್ರಿಕೆಯ ಸಣ್ಣಕ್ಷರವನ್ನೂ ಬಿಡದೆ ಓದುವ ಅಕ್ಕ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಜಗಲಿಯ ಮೆಟ್ಟಿಲನ್ನು ಕಾಲಿನಿಂದ ತಡವುತ್ತಾಳೆ.

ಇಂಥವಳನ್ನು ನಾನು ಧ್ರುವಪ್ರಭೆಯನ್ನು ತೋರಿಸಲು ಕರೆದೊಯ್ಯಲಿದ್ದೆ! ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಕಾಂತಕ್ಷೇತ್ರವು ಧ್ರುವಗಳ ಕಡೆಗೆ ಸೆಳೆಯುತ್ತದೆಂದು ನಾರ್ವೆಯ ವಿಜ್ಞಾನಿ ಬಿರ್ಕೆಲಾಂಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಗಾಜಿನ ಪೆಟ್ಟಿಗೆಯೊಳಗೆ ಚಿಕ್ಕದೊಂದು ಭೂಮಿಯನ್ನು ಇಟ್ಟು ತೋರಿಸಿದ. ಅಕ್ಕನ ಚಕ್ಕೋತನ ಹಣ್ಣಿಗೆ ಅವನ ಗೋಳ ದೊಡ್ಡಪ್ಪನ ಮಗನಾಗಬೇಕು. ಆದರೆ ಚಿತ್ರಗಳಲ್ಲಿ ಕಾಣುವ ಆ ಹಸುರೂ ಕೆಂಪೂ ಬಹುಪಾಲು ಕ್ಯಾಮರಾದ ಔದಾರ್ಯ. ಅದು ಹಲವು ಕ್ಷಣಗಳ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಪ್ರಭೆ ಕ್ಷೀಣವಾಗಿದ್ದರೆ ನಿರೋಗಿಯ ಕಣ್ಣಿಗೂ ಬೂದುಬಣ್ಣದ ಮೋಡದಂತೆ ತೋರುವುದುಂಟು. ಅದನ್ನು ಕಾಣಲು ಬೇಕಾದವು ಅಕ್ಕನ ಕಣ್ಣಿನಲ್ಲಿ ಮೊದಲೇ ಸತ್ತುಹೋದ ಆ ಕಣಗಳೇ. ಈ ಸಂಗತಿಯನ್ನು ಒಂದು ರಾತ್ರಿ ಓದಿದವನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆ.

ಮಾರನೆಯ ದಿನ ಅಕ್ಕನಿಗೆ, ಮಾರ್ಚಿಯಲ್ಲಿ ವಿಮಾನದ ಟಿಕೇಟು ಅಗ್ಗವಂತೆ, ಆಗಲೇ ಹೋಗೋಣ ಎಂದೆ. ಆಕೆ ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತಲಿಲ್ಲ.

"ಟಿಕೇಟಿನ ಸುಳ್ಳು ಬೇಡ. ನನ್ನ ಕಣ್ಣಿಗೋಸ್ಕರ ತಾನೆ?"

ನಾನು ಮಾತಾಡಲಿಲ್ಲ.

"ಸರಿಯಾಗೇ ಯೋಚನೆ ಮಾಡಿದೀಯ ಬಿಡು. ಕತ್ತಲೆ ನೋಡೋಕೆ ಅಷ್ಟು ದುಡ್ಡು ಸುರಿದು ಅಲ್ಲಿತನಕ ಯಾಕೆ ಹೋಗಬೇಕು? ಅದು ನಮ್ಮ ಹಿತ್ತಲಿಗೇ ಬಂದು ನಿಂತಿದೆ. ಆದರೆ ನಾನು ಪಾಠ ಹೇಳಿದ್ದು ಸೂರ್ಯ ಇಲ್ಲದ ಊರಿನ ವಿಷಯ. ಅದನ್ನ ನೋಡದೆ ಮಾತ್ರ ಬರೋದಿಲ್ಲ."

ಸೂರ್ಯನಿರಬಾರದು, ಬೆಳಕಿರಬೇಕು! ಇಂಥ ಒಗಟನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಇದನ್ನು ಬಿಡಿಸಿದ್ದು ಭೂಪಟ. ನಾರ್ವೆಯ ದಕ್ಷಿಣ ಭಾಗದಲ್ಲಿ, ಓಸ್ಲೊ ನಗರದಿಂದ ಮೂರು ಗಂಟೆಯ ದಾರಿಯಲ್ಲಿ, ರ್ಯೂಕಾನ್ ಎಂಬ ಊರುಂಟು. ಪೂರ್ವಪಶ್ಚಿಮವಾಗಿ ಸೀಳಿದ ಆಳವಾದ ಕಣಿವೆಯ ತಳದಲ್ಲಿ ಅದಿದೆ. ದಕ್ಷಿಣಕ್ಕೆ 1883 ಮೀಟರ್ ಎತ್ತರದ ಗೌಸ್ತಾ ಶಿಖರ. ಸೆಪ್ಟೆಂಬರ್ ಕೊನೆಯಿಂದ ಮಾರ್ಚಿ ನಡುವಿನವರೆಗೆ ಆಕಾಶದಲ್ಲಿ ಹಗಲು, ನೆತ್ತಿಯ ಮೇಲಣ ಬೆಟ್ಟಗಳಲ್ಲಿ ಬಿಸಿಲು. ಬೀದಿಗೆ ಮಾತ್ರ ಒಂದು ಕಿರಣವೂ ಇಳಿಯದು. ಜಲಪಾತದ ವಿದ್ಯುತ್ತಿನಿಂದ ಗೊಬ್ಬರ ತಯಾರಿಸಲು ನಾರ್ಸ್ಕ್ ಹೈಡ್ರೊ ಸಂಸ್ಥೆಯವರು ಕಟ್ಟಿದ ಊರದು. ಬೆಟ್ಟದ ಮೇಲೆ ಕನ್ನಡಿಯಿಟ್ಟು ಬಿಸಿಲನ್ನು ಕೆಳಕ್ಕೆ ತಿರುಗಿಸಬಾರದೇಕೆಂಬ ಮಾತು 1913ರಷ್ಟು ಹಿಂದೆಯೇ ಅಲ್ಲಿ ಹುಟ್ಟಿತ್ತು. ಆಗ ಅದು ಕೈಗೂಡಲಿಲ್ಲ. ಬಿಸಿಲು ಊರಿಗೆ ಬರದಿದ್ದರೆ ಊರೇ ಬಿಸಿಲಿಗೆ ಹೋಗಲೆಂದು 1928ರಲ್ಲಿ ಸಂಸ್ಥೆಯವರು ಬೆಟ್ಟಕ್ಕೆ ತಂತಿಯ ತೊಟ್ಟಿಲು ಕಟ್ಟಿಸಿಕೊಟ್ಟರು. ಕೊನೆಗೆ 2013ರ ಅಕ್ಟೋಬರಿನಲ್ಲಿ ಮೂರು ದೊಡ್ಡ ಕನ್ನಡಿಗಳು ಊರಿನಿಂದ ಸುಮಾರು 450 ಮೀಟರ್ ಮೇಲೆ ಬಂದು ನಿಂತವು. ಯಂತ್ರಗಳು ಅವುಗಳನ್ನು ಸೂರ್ಯನ ಚಲನೆಗೆ ತಕ್ಕಂತೆ ಹೊರಳಿಸುತ್ತವೆ. ಪೇಟೆಯ ಚೌಕದಲ್ಲಿ ಬಿಸಿಲಿನದೊಂದು ಅಂಗಳ ಬೀಳುತ್ತದೆ. ಮುದುಕರೂ ಕೈಗೂಸಿನ ತಾಯಂದಿರೂ ಅಲ್ಲಿ ಬಂದು ನಿಲ್ಲುತ್ತಾರೆ.

ಇದನ್ನು ಓದಿ ಹೇಳಿದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಆ ಅಂಗಳದಲ್ಲಿ ನೆರಳು ಬೀಳುತ್ತೋ?" ಎಂದು.

ಕಾಲೇಜಿನಲ್ಲಿ ನಾಟಕದ ಚರಿತ್ರೆಯನ್ನು ಹೇಳುವಾಗ ಇಬ್ಸೆನ್ನನ 'ಘೋಸ್ಟ್ಸ್' ನಾಟಕವನ್ನು ನಾನು ವರ್ಷ ವರ್ಷವೂ ಪ್ರಸ್ತಾಪಿಸುತ್ತೇನೆ. ನಾಟಕದುದ್ದಕ್ಕೂ ಮಳೆ, ಮುಗಿಯುವ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಹುಟ್ಟಿನಿಂದಲೇ ಅಂಟಿಬಂದ ರೋಗಕ್ಕೆ ತುತ್ತಾದ ಮಗನು ಆಗ ತಾಯಿಯನ್ನು ಬೇಡುವುದು ಸೂರ್ಯನನ್ನು. ಆನುವಂಶಿಕತೆ, ಸಮಾಜವಿಮರ್ಶೆ ಎಂದು ಟಿಪ್ಪಣಿ ಬರೆಸಿ ಮುಂದಕ್ಕೆ ಹೋಗುತ್ತಿದ್ದೆ. ಈ ವರ್ಷ ಆ ಪಾಠದಲ್ಲಿ ನನ್ನ ಮಾತು ಒಂದು ಗಳಿಗೆ ನಿಂತಿತು. ಹುಡುಗರು ಗಂಟೆ ಬಾರಿಸಿತೆಂದುಕೊಂಡರು.

ಈಗ ನಮ್ಮ ಯೋಜನೆಯಲ್ಲಿ ಊರುಗಳಿಗಿಂತ ಹೊತ್ತಿಗೇ ಪ್ರಾಧಾನ್ಯ. ಅಂಗಡಿಯ ಕ್ಯಾಲೆಂಡರುಗಳಲ್ಲಿ ಮೆರೆಯುವ ಗೈರಾಂಗರ್ ಕಡಲತೋಳು ಬೇಸಿಗೆಯ ಸರಕು. ಟ್ರೋಲ್‌ಸ್ಟಿಗೆನ್ ಎಂಬ ಸುತ್ತುಬಳಸಿನ ಘಾಟಿಯ ರಸ್ತೆಯನ್ನು ಚಳಿಗಾಲದಲ್ಲಿ ಮುಚ್ಚಿಬಿಡುತ್ತಾರೆ. ಎರಡನ್ನೂ ಹೊಡೆದುಹಾಕಿದ್ದಾಯಿತು. ಓಸ್ಲೊ, ರ್ಯೂಕಾನ್, ಅಲ್ಲಿಂದ ಮರಳಿ ಬಂದು ವಿಮಾನದಲ್ಲಿ ಟ್ರೋಮ್ಸೊ, ಏಕೆಂದರೆ ಅಷ್ಟು ಉತ್ತರಕ್ಕೆ ರೈಲಿಲ್ಲ. ಮಾರ್ಚಿಯಲ್ಲಿ ಅಲ್ಲಿ ಹಿಮಕ್ಕೇನೂ ಕೊರತೆಯಿಲ್ಲ. ಆ ಊರಿನಲ್ಲಿ ಹಿಮ ಅತಿ ಹೆಚ್ಚು ದಪ್ಪವಾಗಿ ಬಿದ್ದಿದ್ದು, 240 ಸೆಂಟಿಮೀಟರ್, 1997ರ ಏಪ್ರಿಲ್ ಕೊನೆಯಲ್ಲಿ. ಅಲ್ಲಿಂದ ಕರಾವಳಿಯ ಹಡಗು. 1893ರಲ್ಲಿ ಈ ಹಡಗಿನ ಸೇವೆ ಆರಂಭವಾಗುವ ಮೊದಲು ಟ್ರೊಂಡ್‌ಹೈಮಿನಿಂದ ಹಾಮರ್‌ಫೆಸ್ಟಿಗೆ ಕಾಗದ ತಲಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಹಿಡಿಯುತ್ತಿತ್ತಂತೆ. ಉತ್ತರಕ್ಕೆ ಹೋಗುವ ಹಡಗು ಲೊಫೋಟೆನ್ ದ್ವೀಪಗಳನ್ನು ರಾತ್ರಿಯಲ್ಲಿ ಮುಟ್ಟುತ್ತದೆ; ದಕ್ಷಿಣಕ್ಕೆ ಬರುವುದು ಅದರ ನೆರೆಯ ವೆಸ್ಟರೋಲೆನ್ ದ್ವೀಪಗಳ ನಡುವೆ ಹಗಲಿನಲ್ಲೇ ನುಸುಳುತ್ತದೆ. ಆದುದರಿಂದ ನಮ್ಮದು ದಕ್ಷಿಣದ ಹಡಗು. ಬರ್ಗೆನ್ ಬಂದರಿಗೆ ಮೂರೂವರೆ ದಿನ. ಮುಂದೆ 1909ರಲ್ಲಿ ತೆರೆದ ಬೆಟ್ಟದ ರೈಲುದಾರಿಯಲ್ಲಿ, 1222 ಮೀಟರ್ ಎತ್ತರದ ಫಿನ್ಸೆಯನ್ನು ಹಾದು ಓಸ್ಲೊ. ಅದೂ ಬೆಳಗಿನ ಗಾಡಿಯಲ್ಲಿ.

ಒಂದು ಮುಳ್ಳು ಉಳಿದಿದೆ. ಆ ಹಡಗು ಟ್ರೋಮ್ಸೊ ಬಂದರನ್ನು ಬಿಡುವುದು ನಡುರಾತ್ರಿ ಕಳೆದ ಮೇಲೆ. ಹೆಪ್ಪುಗಟ್ಟಿದ ಕಟ್ಟೆಯ ಮೇಲೆ, ಆ ಹೊತ್ತಿನಲ್ಲಿ, ಅಕ್ಕ ನಡೆಯಬೇಕು. ಅಲ್ಲಿಯವರು ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿಗಳನ್ನು ತರಿಸಿದ್ದೇನೆ. ರಾತ್ರಿ ಊಟವಾದ ಮೇಲೆ ಆಕೆ ಅವನ್ನು ಕಟ್ಟಿಕೊಂಡು, ನನ್ನ ಮೊಣಕೈ ಹಿಡಿದು, ಹಿತ್ತಲಿನ ಮಣ್ಣಿನಲ್ಲಿ ನಡೆದು ಅಭ್ಯಾಸ ಮಾಡುತ್ತಾಳೆ. ನೆರೆಯವರು ಏನೆಂದುಕೊಂಡಿದ್ದಾರೋ ಕಾಣೆ.

ಉಳಿದದ್ದು ಸಣ್ಣಪುಟ್ಟ ವ್ಯವಹಾರ. ವೀಸಾಕ್ಕೆ 90 ಯೂರೊ, 30,000 ಯೂರೊಗೆ ಕಡಮೆಯಿಲ್ಲದ ವಿಮೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಾಗಬೇಕು. ಹತ್ತಿ ಬೆವರು ಕುಡಿದು ತಣ್ಣಗಾಗುತ್ತದೆ. ಅವಲಕ್ಕಿ, ಚಟ್ನಿಪುಡಿಗೆ ಅಡ್ಡಿಯಿಲ್ಲ. ಹಾಲಿನಿಂದಾದ ಪದಾರ್ಥವನ್ನು ನಮ್ಮ ದೇಶದಿಂದ ಒಯ್ಯಕೂಡದೆಂದು ನಿಯಮವಿರುವುದರಿಂದ ತುಪ್ಪದ ಡಬ್ಬಿಯನ್ನು ಅಕ್ಕ ಮುಖ ಸಣ್ಣದು ಮಾಡಿಕೊಂಡು ಹೊರಗಿಟ್ಟಳು.

ಕಳೆದ ವಾರ ರ್ಯೂಕಾನ್‌ನಲ್ಲಿ ಒಂದು ರಾತ್ರಿಯ ತಂಗುದಾಣವನ್ನು ಗೊತ್ತುಮಾಡುತ್ತಿದ್ದಾಗ ಆಕೆ ಪಕ್ಕದಲ್ಲಿ ಬಂದು ನಿಂತಳು. "ಅವತ್ತು ಮೋಡ ಕವಿದಿದ್ದರೆ?" ಎಂದಳು. ಮೋಡವಿದ್ದರೆ ಕನ್ನಡಿಗೆ ಕೆಲಸವಿಲ್ಲ. ನಾನು ಫಿನ್ಸೆಯಲ್ಲಿ ಇಳಿದು ತಂಗಬೇಕೆಂದಿದ್ದ ದಿನವನ್ನು ಹೊಡೆದುಹಾಕಿ, ರ್ಯೂಕಾನ್‌ಗೆ ಮೂರು ರಾತ್ರಿ ಎಂದು ಬರೆದೆ.