ಅಥಣಿಯ ಕೈಕಸುಬು, ಕೊಲ್ಹಾಪುರದ ಹೆಸರು

ಕೊಲ್ಹಾಪುರಿ ಎಂದು ದೇಶವೆಲ್ಲ ಕರೆಯುವ ಚಪ್ಪಲಿಗಳಲ್ಲಿ ಬಹಳಷ್ಟು ತಯಾರಾಗುವುದು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ. 2019ರಲ್ಲಿ ಬಂದ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ.

ಅಚ್ಚಿನ ಪ್ಲಾಸ್ಟಿಕ್ ಚಪ್ಪಲಿ ಯಂತ್ರದಿಂದ ನಿಮಿಷಗಳಲ್ಲಿ ಹೊರಬೀಳುತ್ತದೆ. ಇಲ್ಲಿ ತೊಗಲು ಹದವಾಗುವುದಕ್ಕೇ ವಾರಗಳು ಬೇಕು. ಎಮ್ಮೆಯ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಕಳೆಯುತ್ತಾರೆ. ಆಮೇಲೆ ಅದನ್ನೇ ಚೀಲದ ಹಾಗೆ ಹೊಲಿದು ತೂಗುಹಾಕಿ, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರು ತುಂಬುತ್ತಾರೆ. ಆ ನೀರು ಜಿನುಗುತ್ತ ಜಿನುಗುತ್ತ ತೊಗಲನ್ನು ಬಲಿಸುತ್ತದೆ. ಮುಂದೆ ರಂಪಿಗೆ, ಆರಿಗಳ ಕೆಲಸ. ಅಟ್ಟೆ ಕತ್ತರಿಸುವುದು ಹೆಚ್ಚಾಗಿ ಗಂಡಸರು. ಉಂಗುಟ, ಪಟ್ಟಿ, ಸಣ್ಣ ಹೆಣಿಗೆಗಳಲ್ಲಿ ಹೆಂಗಸರ ಕೈ ಪಳಗಿದೆ. ಸಾಂಪ್ರದಾಯಿಕ ಜೋಡಿಗೆ ಮೊಳೆ ಬಡಿಯುವುದಿಲ್ಲ, ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಹಾಗಾಗಿ ಹೊಲಿಗೆ ಬಿಚ್ಚಿದರೆ ಮತ್ತೆ ಹೊಲಿಸಬಹುದು. ಅಚ್ಚಿನ ಚಪ್ಪಲಿ ಹರಿದರೆ ಸಾಮಾನ್ಯವಾಗಿ ತಿಪ್ಪೆಗೇ ಹೋಗುತ್ತದೆ.

ಇಷ್ಟಾದರೂ ಈ ಚಪ್ಪಲಿಯ ಮುಂದೆ ನಿಂತು ಚೌಕಾಸಿ ಮಾಡುವ ರೂಢಿ ನಮಗೆ ಬಂದದ್ದೆಲ್ಲಿಂದ? ಶರಣ ದಂಪತಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದ ಕಥೆಯನ್ನು ಕೈಮುಗಿದು ಹೇಳುವ ನಾಡಿದು. ಅದೇ ನಾಡು ತೊಗಲು ಮುಟ್ಟುವವರನ್ನು ಊರಾಚೆ ಇಟ್ಟಿತು. ಕಸುಬನ್ನು ಕೀಳೆಂದ ಮೇಲೆ ಕೂಲಿಯೂ ಕೀಳಾಯಿತು. ಕೈಹೊಲಿಗೆಯ ಚಪ್ಪಲಿ ಇಷ್ಟು ವರ್ಷ ಅಗ್ಗವಾಗಿ ಸಿಕ್ಕಿದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನನಗನಿಸುತ್ತದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ರೂಪದ ಚಪ್ಪಲಿಯನ್ನು ಮಿಲಾನ್‌ನ ಪ್ರದರ್ಶನಕ್ಕಿಟ್ಟಿತು, ಮೂಲದ ಸುದ್ದಿ ಎತ್ತಲಿಲ್ಲ. ಆಕ್ಷೇಪ ಎದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜೊತೆ ಚಪ್ಪಲಿ ತಯಾರಿಕೆಯ ಒಪ್ಪಂದವಾಯಿತು. ಜೋಡಿಯ ಬೆಲೆ ಸುಮಾರು 800 ಯೂರೊ ಎಂದು ಸುದ್ದಿಯಾಯಿತು. ಅದರಲ್ಲಿ ಹೆಣಿಗೆ ಹೆಣೆದವಳಿಗೆ ಎಷ್ಟು ಎಂಬುದನ್ನು ನಾವು ಕೇಳುತ್ತಲೇ ಇರಬೇಕು.

ಕೊಳ್ಳುವವರು ಚಪ್ಪಲಿ ಮಗುಚಿ ಹೊಲಿಗೆ ನೋಡಿ, ಅಟ್ಟೆಯ ಅಂಚು ಮುಟ್ಟಿ ನೋಡಿ. ಒತ್ತಿದ ರಟ್ಟಾದರೆ ಪದರ ಬಿಟ್ಟಿರಬಹುದು. ಹೊಸತು ಬಿರುಸಾಗಿರುತ್ತದೆ, ಎಣ್ಣೆ ಸವರಿ ನಾಲ್ಕಾರು ದಿನ ಮೆಟ್ಟಿದರೆ ಕಾಲಿಗೆ ಒಗ್ಗುತ್ತದೆ. ಮಳೆಗಾಲದಲ್ಲಿ ಮಾತ್ರ ಎತ್ತಿಡಿ.